ಮೀಯಿಸದ ನಾಯಿಯನ್ನೇ ತನ್ನಿ

ನಾಯಿ ಮೀಯಿಸುವ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಮೂಗಿನಕ್ಕ ಎನ್ನುತ್ತಿದ್ದರು. ಮೂಗು ದೊಡ್ಡದೇನಲ್ಲ, ಕೆಲಸಕ್ಕೆ ಬರುತ್ತಿತ್ತು, ಅಷ್ಟೆ. ಇಪ್ಪತ್ತೆರಡು ವರ್ಷಗಳಿಂದ ಅವಳು ತಲೆಗೆ ಎಣ್ಣೆ ಹಚ್ಚಿರಲಿಲ್ಲ, ಮುಖಕ್ಕೆ ಪೌಡರ್ ಬಳಿದಿರಲಿಲ್ಲ. ಗಂಡ ಹಸಿ ಈರುಳ್ಳಿ ತಿಂದ ದಿನ ಅವನಿಗೆ ಜಗಲಿಯೇ ಗತಿ. ನಾಯಿಯ ಮೈಗೆ ನೀರು ಬೀಳುವ ಮೊದಲು ಕಿವಿ, ಪಾದ, ಬಾಲದ ಬುಡ, ಕೊನೆಗೆ ಬಾಯಿ ಮೂಸುವುದು ಅವಳ ಪದ್ಧತಿ. ಕಿವಿಯಲ್ಲಿ ಹುಳಿ ಬಂದ ಹಿಟ್ಟಿನ ವಾಸನೆ, ಬಾಲದ ಬುಡದಲ್ಲಿ ಮೀನಿನ ವಾಸನೆ ಬಂದರೆ ಹಾಗೆಂದು ಹೇಳಿ ಪಕ್ಕದ ಡಾಕ್ಟರ ಬಾಗಿಲು ತೋರಿಸುವಳು. ಔಷಧ ಹೇಳುವ ಉಸಾಬರಿಗೆ ಹೋಗುತ್ತಿರಲಿಲ್ಲ.

ಅವಳ ಮೂಗು ಸೋತದ್ದು ನಿವೃತ್ತ ಅಂಚೆಯವನ ನಾಯಿಯ ಮುಂದೆ. ಎರಡು ತಿಂಗಳು ವಾರವಾರವೂ ಬಂತು. ಬರುವಾಗ ಘಮಘಮ, ಮನೆಗೆ ಹೋಗಿ ಎರಡು ದಿನಕ್ಕೆ ಯಾರೂ ಹತ್ತಿರ ಕೂರುವಂತಿಲ್ಲ. ಸೊಸೆ ಕಡೆಯ ಮಾತು ಹೇಳಿಬಿಟ್ಟಳು: ಶನಿವಾರದೊಳಗೆ ನಾತ ಹೋಗದಿದ್ದರೆ ನಾಯಿ ತನ್ನ ಅಣ್ಣನ ಕಾರ್ಖಾನೆ ಕಾಯಲು ಹೋಗುತ್ತದೆ. ಹನ್ನೊಂದು ವರ್ಷದ ಆ ನಾಯಿ ಅದುವರೆಗೆ ಕಾದದ್ದು ಊಟದ ತಟ್ಟೆಯನ್ನು ಮಾತ್ರ.

ಬುಧವಾರ ಅಂಚೆಯವನು ಬಂದು ಇದನ್ನೆಲ್ಲ ಹೇಳಿಕೊಂಡ. ಮೂಗಿನಕ್ಕ ಕೆದಕಿ ಕೆದಕಿ ಕೇಳಿದಾಗ ಇನ್ನೊಂದೂ ಹೊರಬಿತ್ತು. ಅಂಗಡಿಗೆ ತರುವ ದಿನವೆಲ್ಲ ಬೆಳಿಗ್ಗೆಯೇ ಅವನು ನಾಯಿಯನ್ನು ತನ್ನ ಗಂಧದ ಸೋಪಿನಲ್ಲಿ ತಿಕ್ಕಿ, ಬಾಯಿಯನ್ನೂ ಪುದೀನ ನೀರಿನಿಂದ ಒರೆಸಿ ತರುತ್ತಿದ್ದ.

"ಮೀಯಿಸಿದ ನಾಯೀನ ಮೀಯಿಸೋಕೆ ತರ್ತಿದ್ರಾ?"

"ಕೊಳಕಾಗಿ ಹೇಗಮ್ಮ ತರೋದು? ನಾಲ್ಕು ಜನ ನೋಡಲ್ವಾ?"

"ಶನಿವಾರದವರೆಗೂ ಒಂದು ಹನಿ ನೀರು ಸೋಕಿಸ್ಬೇಡಿ. ಸೊಸೇನೂ ಕರ್ಕೊಂಡು ಬನ್ನಿ."

ಶನಿವಾರ ಸೊಸೆ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಾಗಿಲಲ್ಲೇ ನಿಂತಳು. ನಾಯಿಯ ತಟ್ಟೆ, ಹಾಸಿಗೆ ಆಗಲೇ ಕಾರಿನಲ್ಲಿದ್ದವು. ಮೂಗಿನಕ್ಕ ಮೂಸತೊಡಗಿದಳು. ಕಿವಿಯಲ್ಲಿ ಏನಿಲ್ಲ. ಪಾದದಲ್ಲಿ ಏನಿಲ್ಲ. ಬಾಲದ ಬುಡವೂ ಸರಿಯಿತ್ತು. ಬಾಯಿಯ ಹತ್ತಿರ ನಾತ ಬಡಿದು ಅವಳು ತಡೆದು ನಿಂತಳು, ನಾಯಿಯ ತುಟಿ ಎತ್ತಿದಳು. ಹಿಂದಿನ ದವಡೆಹಲ್ಲಿನ ಸುತ್ತ ವಸಡು ಕೀವುಗಟ್ಟಿತ್ತು.

ಡಾಕ್ಟರು ಎರಡು ಹಲ್ಲು ಕಿತ್ತರು. ಒಂದು ವಾರ ತಾಳಮ್ಮ ಎಂದು ಮೂಗಿನಕ್ಕ ಸೊಸೆಗೆ ಹೇಳಿದಳು. ಸೊಸೆ ಒಪ್ಪಿದಳು, ಒಂದೇ ವಾರ ಎಂದು ಒತ್ತಿ ಹೇಳಿ.

ವಾರ ಕಳೆದು ಮಾವ, ಸೊಸೆ, ನಾಯಿ ಮೂವರೂ ಬಂದರು. ಸೊಸೆ ಯಾರ ಮಾತನ್ನೂ ನಂಬದೆ ತಾನೇ ಬಗ್ಗಿ ನಾಯಿಯ ಬಾಯಿ ಮೂಸಿದಳು.

"ನಾಯಿ ವಾಸನೆ ಇದೆ," ಎಂದಳು.

"ನಾಯಿ ತಾನೇ," ಎಂದಳು ಮೂಗಿನಕ್ಕ.

ಸೊಸೆ ಇನ್ನೊಮ್ಮೆ ಮೂಸಿದಳು. "ಸರಿ, ಮನೇಲೇ ಇರ್ಲಿ ಬಿಡಿ ಮಾವ."

ಅಂಚೆಯವನು ಬಗ್ಗಿ ಚಪ್ಪಲಿ ಸರಿಮಾಡಿಕೊಂಡ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು. ಮೂಗಿನಕ್ಕ ಮುಂದಿನ ನಾಯಿಯನ್ನು ಒಳಗೆ ಕರೆದಳು.