ತಾಯಪ್ಪ ಒಗೆದ ರುಮಾಲು

ಭೀಮರಾಯನಗುಡಿಯಲ್ಲಿ ನನ್ನದೊಂದು ಮದುವೆ ವಿಡಿಯೋ ಅಂಗಡಿ. ಉಪಕಾಲುವೆಯ ಗೇಟು ತಿರುಗಿಸುವ ದಿನಗೂಲಿ ತಾಯಪ್ಪ ಹತ್ತು ವರ್ಷ ಅದರ ಬೆಂಚಿನ ಮೇಲೆ ಕೂತು ಚಹಾ ಕುಡಿದವನು. ಮಾತು ಕಡಿಮೆ. ಅವನ ಪಾಲಿನದನ್ನೂ ನಾನೇ ಆಡುತ್ತಿದ್ದೆ. ತಲೆಯ ಮೇಲೆ ಹತ್ತು ಮೊಳದ ಬಿಳಿ ರುಮಾಲು. ಅದನ್ನು ಬಿಚ್ಚಿದ್ದು ನಾನು ಕಂಡಿದ್ದು ಒಂದೇ ಸಲ, ಅವನ ತಂದೆ ತೀರಿಕೊಂಡ ದಿನ. ನಮ್ಮ ಕಡೆ ಗಂಡಸರು ರುಮಾಲು ತೆಗೆದು ಬರಿದಲೆಯಲ್ಲಿ ನಿಂತರೆ ಮುಂದೆ ಹೆಣ ಇದೆ ಎಂದೇ ಅರ್ಥ.

ಆ ವರ್ಷ ಶ್ರಾವಣದಲ್ಲಿ ಕಾಲುವೆ ತುಂಬಿ ಹರಿಯುತ್ತಿತ್ತು. ತಿಮ್ಮವ್ವನ ಮಗಳು ಮರಿಲಿಂಗಮ್ಮ ಬಟ್ಟೆ ಒಗೆಯಲು ಇಳಿದವಳು ಸಿಮೆಂಟಿನ ಇಳಿಜಾರಿನಲ್ಲಿ ಪಾಚಿಯ ಮೇಲೆ ಕಾಲಿಟ್ಟು ಜಾರಿದಳು. ದಂಡೆಯ ಮೇಲಿದ್ದವನು ತಾಯಪ್ಪ ಒಬ್ಬನೇ. ಈಜು ಬಾರದು. ರುಮಾಲು ಬಿಚ್ಚಿ ಒಂದು ತುದಿ ಹಿಡಿದು ಇನ್ನೊಂದನ್ನು ಆಕೆಯತ್ತ ಬೀಸಿ ಒಗೆದೆ, ಆಕೆಯ ಕೈಗೆ ಸಿಕ್ಕಿತ್ತು, ಜಗ್ಗುವಾಗ ನನ್ನ ಕೈಯಿಂದ ಕಿತ್ತುಹೋಯಿತು ಎಂದ. ಮೂರನೇ ದಿನ ಮುಂದಿನ ಗೇಟಿನ ಹತ್ತಿರ ಹೆಣ ಸಿಕ್ಕಿತು. ರುಮಾಲು ಸಿಗಲಿಲ್ಲ.

ಎದುರು ದಂಡೆಯಲ್ಲಿ ಒಂದು ಅಕ್ಕಿ ಗಿರಣಿ, ಅದರ ಗೋಡೆಗೆ ಕ್ಯಾಮೆರಾ. ಗಿರಣಿಯ ಮುನೀಮ ಆ ತುಣುಕನ್ನು ಪೆನ್‌ಡ್ರೈವಿನಲ್ಲಿ ತಂದ. "ಖಾಜಾಮಿಯಾ, ಭಾಳ ದೊಡ್ಡದೈತಿ, ಮೊಬೈಲಿಗಿ ಹೋಗವಲ್ದು. ಸಣ್ಣದು ಮಾಡಿಕೊಡು" ಎಂದ. ನನ್ನ ಅಂಗಡಿಗೆ ಬರುವವರೆಲ್ಲ ಕೇಳುವುದು ಇದನ್ನೇ, ನಾನು ಮಾಡುವುದೂ ಇದನ್ನೇ. ಎಷ್ಟು ಸಣ್ಣದಾಗುತ್ತದೋ ಅಷ್ಟು ಹಿಂಡಿದೆ. ಕಣ್ಣುಬಿಟ್ಟು ನೋಡಲೂ ಇಲ್ಲ. ಮದುವೆಯೊಂದರ ಕೆಲಸಕ್ಕೆ ಅವಸರವಿತ್ತು, ಪೆನ್‌ಡ್ರೈವಿನಲ್ಲಿದ್ದ ಅಸಲನ್ನು ಅಳಿಸಿ ಆ ಪೆನ್‌ಡ್ರೈವನ್ನೇ ಅದಕ್ಕೆ ಬಳಸಿಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ.

ಸಂಜೆಯೊಳಗೆ ಅದು ಎಲ್ಲರ ಮೊಬೈಲಿನಲ್ಲಿತ್ತು. ಮರಿಲಿಂಗಮ್ಮ ಜಾರುತ್ತಾಳೆ. ತಾಯಪ್ಪ ನಿಂತಿದ್ದಾನೆ. ನೀರು ಹರಿಯುತ್ತದೆ. ತಾಯಪ್ಪ ನಿಂತೇ ಇದ್ದಾನೆ, ಬರಿದಲೆಯಲ್ಲಿ. ರುಮಾಲು ಎಲ್ಲಿಯೂ ಇಲ್ಲ.

"ನನ್ನ ಮಗಳು ಇನ್ನಾ ಜೀವಂತ ಇದ್ಲು, ಇವ ಆಗಲೇ ರುಮಾಲ ತಗದು ನಿಂತಾನ" ಎಂದಳು ತಿಮ್ಮವ್ವ. ಊರಿಗೆ ಅಷ್ಟು ಸಾಕಾಯಿತು. ತಾಯಪ್ಪನ ಹೆಂಡತಿ ಅಯ್ಯಮ್ಮ ನೀರಿಗೆ ಹೋದರೆ ಉಳಿದ ಹೆಂಗಸರು ಕೊಡ ಎತ್ತಿಕೊಂಡು ಸರಿಯುತ್ತಿದ್ದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಮೊಬೈಲಿನಲ್ಲಿ ಕಂಡದ್ದಕ್ಕೆ ಯಾರೂ ಆ ಮಾತು ಹೇಳುವುದಿಲ್ಲ.

ತಾಯಪ್ಪ ನನ್ನಲ್ಲಿಗೆ ಬಂದ. "ಖಾಜಾಸಾಬ್ರ, ನನ್ನ ರುಮಾಲ ಎಲ್ಲಿ ಹೋತ್ರಿ? ಆಕಿ ಅವ್ವಗ ಅದೊಂದು ತೋರಸ್ರಿ, ಸಾಕು."

ಆಗ ಕೂತು ನೋಡಿದೆ, ನನ್ನ ಕೈಕೆಲಸವೇ ಎಂದು ಗೊತ್ತಾಯಿತು. ವಿಡಿಯೋ ಸಣ್ಣದು ಮಾಡುವಾಗ ಯಂತ್ರ ಚಿತ್ರವನ್ನು ಚೌಕ ಚೌಕ ತುಂಡು ಮಾಡುತ್ತದೆ. ಪ್ರತಿ ತುಂಡನ್ನೂ ಹೊಸದಾಗಿ ಬರೆಯುವುದಿಲ್ಲ. 'ಹಿಂದಿನ ಚಿತ್ರದ ಇಂಥ ತುಂಡು ಇಷ್ಟು ಸರಿದಿದೆ' ಎಂದು ಅಂದಾಜು ಬರೆದುಕೊಳ್ಳುತ್ತದೆ. ರುಮಾಲು ಹಾರಿದ್ದು ಓರೆಯಾಗಿ. ಒಂದೇ ಚೌಕದಲ್ಲಿ ಒಂದು ಮೂಲೆ ಬಟ್ಟೆ, ಉಳಿದದ್ದೆಲ್ಲ ನೀರು. ಬಟ್ಟೆಯ ಓಟ ಬೇರೆ, ನೀರಿನ ಓಟ ಬೇರೆ. ಅಷ್ಟು ಹಿಂಡಿದರೆ ಎರಡನ್ನೂ ಬರೆಯಲು ಜಾಗವೆಲ್ಲಿ? ಯಂತ್ರ ಇಡೀ ಚೌಕಕ್ಕೆ ನೀರಿನ ಓಟವನ್ನೇ ಕೊಟ್ಟು ಮುಗಿಸಿತ್ತು; ಬಟ್ಟೆಯೂ ಅದನ್ನು ಬೀಸಿದ ಕೈಯೂ ಮಸುಕಿನಲ್ಲಿ ಅಳಿಸಿಹೋಗಿದ್ದವು. ಗಿರಣಿಗೆ ಓಡಿದೆ. ಅಲ್ಲಿಯ ಯಂತ್ರ ವಾರಕ್ಕೊಮ್ಮೆ ಹಳೆಯದರ ಮೇಲೆ ಹೊಸದು ಬರೆಯುತ್ತದಂತೆ. ಹತ್ತು ದಿನ ಆಗಿತ್ತು.

ತಿಮ್ಮವ್ವನ ಮನೆಗೂ ಹೋದೆ. "ಯವ್ವಾ, ತಪ್ಪು ನಂದೈತ್ರಿ. ರುಮಾಲ ನುಂಗಿದ್ದು ನನ್ನ ಮಷೀನು" ಎಂದೆ.

"ನನ್ನ ಮಗಳ್ನ ನುಂಗಲಿಲ್ಲ, ತಾಯಪ್ಪನ್ನ ನುಂಗಲಿಲ್ಲ, ಬರೇ ರುಮಾಲ ನುಂಗಿತೇನಪ?" ಎಂದಳು.

ಎರಡು ವರ್ಷದ ಮೇಲೆ ಹೊಸ ವಿಧಾನವೊಂದು ಬಂದಿದೆ ಎಂದು ಓದಿದೆ. ಅದರಲ್ಲಿ ಚೌಕವನ್ನು ಓರೆಗೆರೆ ಹಾಕಿಯೂ ಕತ್ತರಿಸಬಹುದು, ಎರಡು ಹೋಳಿಗೂ ಬೇರೆ ಬೇರೆ ಓಟ ಬರೆಯಬಹುದು. ಆಸೆಯಿಂದ ತರಿಸಿ, ಆ ತುಣುಕನ್ನು ಹಾಕಿ ನೋಡಿದೆ. ಬರೆಯದೇ ಬಿಟ್ಟದ್ದು ಎಲ್ಲಿಂದ ಬಂದೀತು?

ಅದೇ ಹೊತ್ತಿಗೆ ತಾಯಪ್ಪ ಬಂದು ಬೆಂಚಿನ ಮೇಲೆ ಕೂತ. ಅಂದಿನಿಂದ ತಲೆಗೆ ರುಮಾಲು ಸುತ್ತಿರಲಿಲ್ಲ. ತುಣುಕನ್ನು ಮತ್ತೊಮ್ಮೆ ನೋಡಿದ.

"ನೋಡಿ ನೋಡಿ ನನಗೂ ಹಂಗ ಅನಸಾಕತ್ತೈತ್ರಿ. ನಾ ಬರೇ ನಿಂತಿದ್ನೇನೋ."

ಸುಳ್ಳು ಹೇಳಿದೆ. "ಏ ಹುಚ್ಚಾ, ಅಸಲು ವಿಡಿಯೋ ನಾ ನೋಡೀನಿ. ನೀ ಒಗದದ್ದು ನನ್ನ ಕಣ್ಣಾಗ ಕುಂತೈತಿ."

ಅವನ ಮುಖ ಅರಳಿತು. ಎರಡು ವರ್ಷದಲ್ಲಿ ಮೊದಲ ಸಲ.

"ಖರೇನ್ರಿ? ಯಾ ಕೈಲೆ ಒಗದೆ?"

"ಬಲಗೈಲೆ."

ತಾಯಪ್ಪ ಚಹಾದ ಲೋಟವನ್ನು ಕೆಳಗಿಟ್ಟು ಎದ್ದ.

"ನಾ ಎಡಚ ಅದೀನ್ರಿ, ಖಾಜಾಸಾಬ್ರ."

ಹತ್ತು ವರ್ಷ ನನ್ನ ಎದುರಿಗೇ ಎಡಗೈಯಲ್ಲಿ ಚಹಾ ಕುಡಿದವನು. ಅವನು ಇಳಿದು ಹೋಗುವಾಗ ಕರೆಯಬೇಕೆಂದು ಬಾಯಿ ತೆರೆದೆ. ಇನ್ನೇನು ಹೇಳಿದರೂ ಅವನು ನಂಬುವಂತಿರಲಿಲ್ಲ.