ಬಿಸಿಲಿಗೆ ಹಾಕಿದ ಹಿಂಡಿ

ನಮ್ಮ ಮನೆಯಲ್ಲಿ ಏನನ್ನೂ ತಿಪ್ಪೆಗೆ ಹಾಕುವಂತಿಲ್ಲ. ಅನ್ನ ಹಳಸಿದರೆ ಹಸುವಿಗೆ, ರೊಟ್ಟಿಗೆ ಬೂಷ್ಟು ಹಿಡಿದರೆ ಹಸುವಿಗೆ, ಕೊಳೆತ ಟೊಮೇಟೊ ಕೂಡ ಹಸುವಿಗೇ. ನಾವು ಮೂಗು ಮುಚ್ಚಿಕೊಳ್ಳುವುದನ್ನೆಲ್ಲ ಅದರ ಬಾನಿಗೆ ಸುರಿದು, ಬೆಳಿಗ್ಗೆ ಎದ್ದು ಅದಕ್ಕೇ ಅರಿಸಿನ ಕುಂಕುಮ ಇಟ್ಟು ಕೈ ಮುಗಿಯುವ ಜನ ನಾವು. ನಂದಗುಡಿ ಕಡೆಯ ಈ ಊರಿಗೆ ಸೊಸೆಯಾಗಿ ಬಂದ ಮೇಲೆ ನಾನು ಕಲಿತದ್ದಲ್ಲ ಇದು, ತವರಿನಿಂದಲೇ ತಂದದ್ದು.

ಹಸುವೂ ತವರಿನದೇ. ಅಪ್ಪ ಬಳುವಳಿಯಾಗಿ ಕೊಟ್ಟಿದ್ದ ಹಸುವಿನ ಮಗಳು. ಹೊಲ ಗಂಡನದು, ಮನೆ ಅತ್ತೆಯದು, ನನ್ನದು ಅಂತ ಹೇಳಿಕೊಳ್ಳುವುದಕ್ಕೆ ಇದ್ದದ್ದು ಅದೊಂದೇ. ಹೋದ ವರ್ಷ ಅದು ಆರು ತಿಂಗಳ ಗಬ್ಬವಾಗಿತ್ತು. ಹೆಣ್ಣು ಕರು ಹಾಕಲಿ ಅಂತ ದಿನಾ ಬೇಡಿಕೊಳ್ಳುತ್ತಿದ್ದೆ.

ಆಗ ಒಂದು ವಾರ ಜಡಿಮಳೆ ಹಿಡಿಯಿತು. ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟಿದ್ದ ಕಡಲೆಕಾಯಿ ಹಿಂಡಿಯ ಮೂಟೆ ತಳದಿಂದ ತೇವ ಎಳೆದುಕೊಂಡಿತ್ತು. ಬಿಚ್ಚಿದರೆ ಹಸಿರು ಬೂಷ್ಟು, ಮುಗ್ಗಲು ವಾಸನೆ. ಎಸೆಯೋಣವಾ ಅಂದೆ, ಬಾಯಿಮಾತಿಗೆ.

"ಎಸೆಯಕ್ಕೆ ನಿಂಗೇನ್ ತಲೆ ಕೆಟ್ಟದಾ?" ಅಂದರು ಅತ್ತೆ. "ಉಜ್ಜಿ ಬಿಸ್ಲಿಗೆ ಹಾಕು. ಬೇಯ್ಸಿ ಇಟ್ರೆ ಯಾವ ಬೂಷ್ಟು ಇರ್ತದೆ?"

ಹೌದಲ್ಲ ಅನ್ನಿಸಿತು. ಗೋಣಿಚೀಲದಿಂದ ಉಜ್ಜಿದೆ. ಮಳೆ ಬಿಟ್ಟ ಮೇಲೆ ತಾರಸಿಯಲ್ಲಿ ಎರಡು ದಿನ ಒಣಗಿಸಿದೆ. ಆಮೇಲೆ ದಿನಾ ನೆನೆಸಿ, ಕೊತಕೊತ ಕುದಿಸಿ, ಆರಿಸಿ ಇಟ್ಟೆ. ವಾಸನೆ ಹೋಗಿತ್ತು. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಮೂರು ವಾರದಲ್ಲಿ ಹಾಲು ಇಳಿಯಿತು. ಡೈರಿಯ ಹತ್ತಿರ ಪಕ್ಕದ ಮನೆಯವಳು ನನ್ನ ಕ್ಯಾನು ನೋಡಿ, "ಏನಕ್ಕಾ, ಅಷ್ಟು ದೊಡ್ಡ ಕೆಚ್ಚಲು, ಇಷ್ಟೇನಾ ಹಾಲು?" ಅಂದಳು. ಮುಗಿಯಿತು. ಅವಳದೇ ದೃಷ್ಟಿ ಅಂತ ಅತ್ತೆ ತೀರ್ಮಾನಿಸಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ನಾನು ಬೀದಿಯಲ್ಲಿ ನಿಂತು ಅವಳ ಜನ್ಮ ಜಾಲಾಡಿದೆ. ನನ್ನ ಬಾಯಿ ಸಣ್ಣದಲ್ಲ. ಅವಳು ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ. ಮಾತಾಡಬೇಕಾಗಿಯೂ ಇಲ್ಲ.

ಅದೇ ವಾರ ಹಸು ದಿನ ತುಂಬದ ಕರುವನ್ನು ಕಂದುಹಾಕಿತು. ಹೆಣ್ಣು ಕರು. ಮಾರನೆಯ ದಿನ ಹಸು ಮೇಲೇಳಲೇ ಇಲ್ಲ. ಆಗ ಪಶುವೈದ್ಯರನ್ನು ಕರೆಸಿದೆವು. ದೃಷ್ಟಿ ತೆಗೆಯುವುದಕ್ಕಿದ್ದ ಅವಸರ ಡಾಕ್ಟರನ್ನು ಕರೆಯುವುದಕ್ಕೆ ಇರಲಿಲ್ಲ ನಮಗೆ. ಅವರು ಹಸುವಿನ ರೆಪ್ಪೆ ಬಿಡಿಸಿ ನೋಡಿದರು. ಕಣ್ಣು ಹಳದಿಯಾಗಿತ್ತು. ಮೇವು ಏನು ಅಂತ ಕೇಳಿ, ಮೂಟೆಗೆ ಕೈ ಹಾಕಿ, ಹಿಂಡಿಯ ಒಂದು ತುಂಡು ಮುರಿದು ಮೂಸಿದರು. ನಾನು ಬೇಯಿಸಿದ್ದನ್ನು ಹೇಳಿದೆ.

"ಬೇಯ್ಸಿದ್ರೆ ಬೂಷ್ಟು ಸಾಯ್ತದೆ ಕಣಮ್ಮ. ಅದು ಬಿಟ್ಟಿರೋ ವಿಷ ಸಾಯಲ್ಲ. ಬಿಸ್ಲಿಗೂ ಹೋಗಲ್ಲ, ಉಜ್ಜಿದ್ರೂ ಹೋಗಲ್ಲ. ಲಿವರ್ ಪೂರ್ತಿ ಹೋಗ್ಬಿಟ್ಟಿದೆ. ಹಾಲಿಗೂ ಇಳೀತದೆ ಅದು, ಚೆಲ್ಬಿಡಿ."

ಚೆಲ್ಲುವುದಕ್ಕೆ ಏನುಳಿದಿತ್ತು? ಅಷ್ಟು ದಿನದ್ದೂ ಡೈರಿಗೆ ಹೋಗಿತ್ತು, ನಮ್ಮ ಕಾಫಿಗೂ ಹೋಗಿತ್ತು. ಕತ್ತಿನ ನರಕ್ಕೆ ಗ್ಲೂಕೋಸ್ ಹಾಕಿದರು. ಬಾಟಲಿ ಅರ್ಧ ಇಳಿಯುವುದರೊಳಗೆ ಹಸು ಕಾಲು ಚಾಚಿತು. ನಾನು ಅಳಲಿಲ್ಲ. ಅತ್ತೆಯ ಮೇಲೆ ಮೈಯೆಲ್ಲ ಉರಿಯುವ ಸಿಟ್ಟು ಬಂದಿತ್ತು.

ಕೈ ತೊಳೆಯುತ್ತಾ ಡಾಕ್ಟರು ಕೇಳಿದರು: "ಒಂದು ಅರ್ಥ ಆಗ್ತಿಲ್ಲ ನಂಗೆ. ಇಂಥದನ್ನ ಹಸು ಮೂಸಿ ಬಿಟ್ಬಿಡ್ತದೆ ಸಾಮಾನ್ಯವಾಗಿ. ಇದು ಹೆಂಗೆ ತಿಂತು?"

ಅತ್ತೆ ನನ್ನ ಮುಖ ನೋಡಿದರು. ಈಗ ಹೇಳಿಬಿಡುತ್ತಾರೆ ಅಂದುಕೊಂಡೆ.

"ಮೂಕ ಪ್ರಾಣಿ ಸಾರ್, ಹಸಿದಿತ್ತೇನೋ," ಅಂದರು ಅತ್ತೆ.

ಹಸಿದಿರಲಿಲ್ಲ. ಮೊದಲ ದಿನ ಅದು ಮೂಸಿ ಮುಖ ತಿರುಗಿಸಿತ್ತು, ಎರಡನೆಯ ದಿನವೂ ಮುಟ್ಟಿರಲಿಲ್ಲ. ಮೂರನೆಯ ದಿನ ನಾನು ಎರಡು ಅಚ್ಚು ಬೆಲ್ಲ ಕುಟ್ಟಿ ಕಲಸಿ, ಬಾನಿಯ ಪಕ್ಕ ಕೂತು, ಅದರ ಕತ್ತಿನ ಕೆಳಗಿನ ಗಂಗೆದೊಗಲು ಸವರುತ್ತಾ, ತಿನ್ನು ನನ್ನವ್ವಾ ಅಂದಿದ್ದೆ. ನಾನು ಹೇಳಿದೆನೆಂದು ಅದು ತಿಂದಿತು.