ಸರ್ವರ್ ಕೊಳ್ಳುವ ಮುಂಚೆ

ದಾಬಸ್‌ಪೇಟೆಯಲ್ಲಿ ನಾನು ಕೆಲಸ ಮಾಡುವ ಗೋದಾಮಿಗೆ ಅಂಗಡಿಗಳ ಸಾಮಾನು ಬಂದು ಇಳಿಯುತ್ತದೆ, ಮತ್ತೆ ಬೇರೆ ಲಾರಿ ಹತ್ತಿ ಹೊರಡುತ್ತದೆ. ಅಲ್ಲಿನ ಕಂಪ್ಯೂಟರುಗಳ ಜವಾಬ್ದಾರಿ ನನ್ನದು. ಲಾರಿ ಹೊರಡಬೇಕಾದರೆ ಗೇಟ್ ಪಾಸ್ ಬೇಕು. ಆ ಪಾಸ್ ಕಂಪ್ಯೂಟರಿನಿಂದ ಬರಬೇಕು. ಹೋದ ವರ್ಷ ದಸರಾ ವ್ಯಾಪಾರ ಶುರುವಾದಾಗ ಪಾಸ್ ಬರುವುದು ತಡವಾಗತೊಡಗಿತು. ಬೆಳಗ್ಗೆ ನಾನು ಬರುವಷ್ಟರಲ್ಲಿ ತುಂಬಿದ ಲಾರಿಗಳು ಅಂಗಳದಲ್ಲಿ ಒಂದರ ಹಿಂದೊಂದು ನಿಂತಿರುತ್ತಿದ್ದವು. "ಏನ್ ಮೇಡಂ, ನಿಮ್ ಕಂಪ್ಯೂಟ್ರು ಇನ್ನೂ ಎದ್ದಿಲ್ವಾ?" ಎಂದು ಡ್ರೈವರುಗಳು ಕೇಳುತ್ತಿದ್ದರು.

ಯಜಮಾನರು ನೆಲಮಂಗಲದ ಕಡೆಯ ರೈತ ಮನೆತನದವರು. ಒಂದು ದಿನ ನನ್ನನ್ನು ಕರೆದರು. "ದೊಡ್ಡ ಸರ್ವರ್ ತಂದ್ಬಿಡಣ ಕಣಮ್ಮಾ. ತೋಟಕ್ಕೆ ನೀರು ಸಾಲ್ದಿದ್ರೆ ದೊಡ್ಡ ಮೋಟ್ರು ಇಳಿಸಲ್ವಾ?"

"ಪೈಪು ಕಟ್ಕೊಂಡಿದ್ರೆ ಎಷ್ಟು ದೊಡ್ಡ ಮೋಟ್ರು ಇಳಿಸಿದ್ರೂ ಅಷ್ಟೇ ಅಲ್ವಾ ಸರ್? ಮೊದ್ಲು ಎಲ್ಲಿ ತಡ ಆಗ್ತಿದೆ ಅಂತ ಅಳೆದು ನೋಡ್ತೀನಿ."

"ಒಂದು ವಾರ ತಗೋ. ಆಮೇಲೆ ಸರ್ವರ್‌ನೋರನ್ನ ಕರೆಸ್ತೀನಿ."

ಒಪ್ಪಿಕೊಂಡು ಹೊರಗೆ ಬಂದಾಗ ನನಗೆ ಹೆದರಿಕೆಗಿಂತ ಹುರುಪೇ ಹೆಚ್ಚು. ಅದುವರೆಗೆ ನಮ್ಮದು ಕೆಟ್ಟ ಮೇಲೆ ಓಡುವ ಪದ್ಧತಿ. ಯಾರೋ ಕೂಗಬೇಕು, ನಾನು ಓಡಬೇಕು. ದಿನವಿಡೀ ಯಂತ್ರದ ನಾಡಿ ಹಿಡಿದು ಕೂರುವ ಅವಕಾಶ ಮೊದಲ ಸಲ ಸಿಕ್ಕಿತ್ತು.

ಮೂಲೆಯಲ್ಲಿ ಬಿದ್ದಿದ್ದ ಹಳೆಯ ಕಂಪ್ಯೂಟರಿಗೆ ಪಾಸ್ ಕೊಡುವ ಸರ್ವರಿನ ಮೇಲೆ ನಿಗಾ ಇಡುವ ಒಂದು ತಂತ್ರಾಂಶ ಹಾಕಿದೆ. ಲಾರಿಗಳನ್ನು ಕಳಿಸುವ ವಿಭಾಗದ ಮುಖ್ಯಸ್ಥೆ, ದೊಡ್ಡಬಳ್ಳಾಪುರದ ನನ್ನ ಗೆಳತಿ, ಅದನ್ನು ತನ್ನ ಕೋಣೆಯ ಟೀವಿಗೆ ಜೋಡಿಸಿಕೊಂಡಳು. ಮರುದಿನ ಬೆಳಗ್ಗೆ ಪಾಸ್ ನಿಂತಿತು. ಇಬ್ಬರೂ ಪರದೆಯನ್ನೇ ನೋಡಿದೆವು. ಯಂತ್ರದ ಮೇಲಿನ ಹೊರೆ ತೋರಿಸುವ ಗೆರೆ ತಳದಲ್ಲೇ ಮಲಗಿತ್ತು.

"ನೋಡೇ, ಮೆಷಿನ್ನು ಆರಾಮಾಗಿದೆ," ಎಂದೆ.

"ಮತ್ತೆ ಪಾಸ್ ಯಾಕೆ ಬರ್ತಿಲ್ಲ?"

"ಯಾವ್ದಕ್ಕೋ ಕಾಯ್ತಿದೆ ಕಣೇ."

ಹಾಗೆಂದ ಮೇಲೆಯೇ ನನಗೂ ಹೊಳೆದದ್ದು, ಯಂತ್ರದ ಹೊರೆ ಅಳೆದು ಪ್ರಯೋಜನವಿಲ್ಲ. ಅಳೆಯಬೇಕಾದದ್ದು ಡ್ರೈವರ್ ಕಾಯುವ ಹೊತ್ತನ್ನು. ಗುಂಡಿ ಒತ್ತಿದಲ್ಲಿಂದ ಪಾಸ್ ಕೈಗೆ ಬರುವವರೆಗಿನ ಸಮಯವನ್ನೇ ಗೆರೆಯಾಗಿ ಬರೆಸಿದೆ. ಈಗ ಚಿತ್ರ ಬೇರೆಯಾಯಿತು. ತಿಂಡಿಯ ಹೊತ್ತಿಗೆ ಗೆರೆ ಚಂಗನೆ ಏರುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಪ್ರತಿ ಏರಿಕೆಯ ಹಿಂದೆಯೂ ಯಾರದೋ ಫೋನಿನಿಂದ ಗೋದಾಮಿನ ಪೂರ್ತಿ ದಾಸ್ತಾನು ಎಣಿಸುವ ಕೆಲಸ ಶುರುವಾಗುತ್ತಿತ್ತು. ಆ ಎಣಿಕೆ ಮುಗಿಯುವವರೆಗೆ ಪಾಸ್ ಮುಂದಕ್ಕೆ ಹೋಗುತ್ತಿರಲಿಲ್ಲ. ಫೋನ್ ಯಾರದೆಂದು ಹುಡುಕಿದರೆ, ಯಜಮಾನರದು.

ಗೆಳತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ನೀನೇ ಹೋಗಿ ಹೇಳು. ನಾನಂತೂ ಬರಲ್ಲ."

ಹೋದೆ. "ಸರ್, ಬೆಳಗ್ಗೆ ಫೋನಲ್ಲಿ ಸ್ಟಾಕ್ ನೋಡ್ತೀರಾ?"

"ದಸರಾ ವ್ಯಾಪಾರ ಶುರುವಾದಾಗ್ನಿಂದ ಇಡ್ಲಿ ತಿನ್ಕೊಂಡು ನೋಡ್ತಾನೇ ಇರ್ತೀನಿ. ಯಾಕೆ?"

"ನೀವು ನೋಡ್ದಾಗೆಲ್ಲ ಕಂಪ್ಯೂಟ್ರು ಗೋದಾಮಿನ ಸಾಮಾನೆಲ್ಲ ಎಣಿಸುತ್ತೆ ಸರ್. ಅಲ್ಲಿವರ್ಗೂ ಪಾಸ್ ನಿಲ್ಲುತ್ತೆ."

ಅವರು ಕೈಯಲ್ಲಿದ್ದ ಫೋನನ್ನೊಮ್ಮೆ ನೋಡಿದರು. "ಹಂಗಾದ್ರೆ ಲಾರಿ ನಿಲ್ಲಿಸ್ತಿದ್ದೋನು ನಾನೇನಾ?" ಎಂದವರೇ ಎದ್ದು ಗೆಳತಿಯ ಕೋಣೆಯ ಟೀವಿಯ ಮುಂದೆ ಬಂದು ನಿಂತು, ಫೋನ್ ಒತ್ತಿದರು. ಗೆರೆ ಏರಿತು. ಅವರ ಕಣ್ಣು ಅರಳಿತು.

"ಇನ್ನೊಂದ್ಸಲ ಒತ್ಲಾ?"

"ಬೇಡ ಸರ್, ಡ್ರೈವರ್‌ಗಳು ಬಯ್ತಾರೆ."

ಆವತ್ತೇ ಅಲ್ಲಿಯೇ ನಿಂತು ನಮ್ಮ ದಾರಿ ಆರಿಸಿಕೊಂಡೆವು. ಯಜಮಾನರು ನೋಡುವುದಕ್ಕೆ ದಾಸ್ತಾನು ಲೆಕ್ಕದ ಬೇರೆಯದೇ ಪ್ರತಿ, ಅದನ್ನು ಎಣಿಸಿದರೆ ಪಾಸ್ ನಿಲ್ಲುವುದಿಲ್ಲ. ಪಾಸ್‌ಗೆ ಇಷ್ಟು ಹೊತ್ತು ಸಾಕು ಎಂದು ಮಿತಿ. ಅದು ಮೀರುವ ಸೂಚನೆ ಕಂಡೊಡನೆ ನನ್ನ ಫೋನಿಗೆ ಎಚ್ಚರಿಕೆ. ಹೊಸ ಯಂತ್ರ ಬೇಕೋ ಬೇಡವೋ ಎಂಬುದನ್ನು ಇನ್ನು ಮೇಲೆ ಅಳತೆಯೇ ಹೇಳಬೇಕು, ಮಾರುವವರಲ್ಲ. ಯಜಮಾನರು ಒಂದು ಷರತ್ತು ಸೇರಿಸಿದರು. "ಆ ಗೆರೆ ನನ್ ಫೋನಿಗೂ ಬರಬೇಕು. ಲಾರಿ ನಿಲ್ಲಬಾರ್ದು, ಅಷ್ಟೇ."

ದೀಪಾವಳಿಯ ಹಿಂದಿನ ವಾರ, ಲಾರಿಗಳು ಕಿಕ್ಕಿರಿದಿದ್ದಾಗ ಎಚ್ಚರಿಕೆ ಬಂತು. ಗೆರೆ ಮೆಲ್ಲಗೆ ಮೇಲೇಳುತ್ತಿತ್ತು. ನೋಡಿದರೆ ಡಿಸ್ಕಿನಲ್ಲಿ ಜಾಗ ಮುಗಿಯುತ್ತ ಬಂದಿದೆ. ಬೇಡದ ಹಳೆಯ ಕಡತಗಳನ್ನು ಬೇರೆಡೆಗೆ ಸಾಗಿಸಿದೆ. ಗೆರೆ ಇಳಿದು ತನ್ನ ಜಾಗಕ್ಕೆ ಬಂತು. ಒಂದು ಪಾಸೂ ನಿಲ್ಲಲಿಲ್ಲ, ಯಾರೂ ಕೂಗಲಿಲ್ಲ.

ಗೆಳತಿ ಬಾಗಿಲಲ್ಲಿ ಇಣುಕಿ ಕೇಳಿದಳು. "ಒಬ್ಳೇ ನಗ್ತಿದ್ದೀಯಲ್ಲ, ಏನಾಯ್ತೇ?"

"ಏನೂ ಆಗ್ಲಿಲ್ಲ ಕಣೇ," ಎಂದೆ. ಆ ಮಾತನ್ನು ಅಷ್ಟು ಖುಷಿಯಿಂದ ನಾನು ಎಂದೂ ಹೇಳಿರಲಿಲ್ಲ.